ಕಾಲು ಹಿಡಿದುಕೊಂಡರೆ ಚೀನೀಯರ ಮುಗುವಾ ಕಷಾಯ

ನಡುರಾತ್ರಿ ಮೀನಖಂಡ ಗಂಟು ಕಟ್ಟಿದ ಹಾಗೆ ಹಿಡಿದುಕೊಂಡರೆ ಜೀವ ಹೋದಂತಾಗುತ್ತದೆ, ಅಲ್ವಾ? ಚೀನಾದ ನಾಟಿ ವೈದ್ಯದಲ್ಲಿ ಇದಕ್ಕೆ ಹೆಸರಾದ ಹಣ್ಣು ಮುಗುವಾ. ಕಾಲು ಹಿಡಿದಾಗ ಇದರ ಹೆಸರು ಕೂಗಿದರೂ ಸಾಕು, ನೋವಿರುವ ಕಡೆ ಹೆಸರಿನ ಅಕ್ಷರ ಬರೆದರೂ ಸಾಕು, ವಾಸಿಯಾಗುತ್ತದೆ ಅಂತ ಸುಮಾರು 1,500 ವರ್ಷ ಹಿಂದಿನ ಪಂಡಿತ ಥಾವ್ ಹೊಂಗ್‌ಜಿಂಗ್ ಬರೆದಿಟ್ಟಿದ್ದಾರೆ. ಜನರಿಗೆ ಅಷ್ಟು ನಂಬಿಕೆ!

ಮೊದಲು ಹಣ್ಣು ಯಾವುದು ಅಂತ ತಿಳಿದುಕೊಳ್ಳಿ. ಇಂದು ಚೀನಾದ ಹಣ್ಣಿನಂಗಡಿಯಲ್ಲಿ ಮುಗುವಾ ಕೇಳಿದರೆ ಪಪ್ಪಾಯಿ ಕೊಡುತ್ತಾರೆ. ಪಪ್ಪಾಯಿ ಹೊರಗಿನಿಂದ ಬಂದದ್ದು. ಅದರ ಪೂರ್ತಿ ಹೆಸರು ‘ಫಾನ್ ಮುಗುವಾ’, ಅಂದರೆ ಪರದೇಶದ ಮುಗುವಾ. ನಾವು ಪರಂಗಿ ಹಣ್ಣು ಅಂದ ಹಾಗೇ! ಔಷಧಿಗೆ ಬೇಕಾದದ್ದು ಗುಲಾಬಿ ಜಾತಿಗೆ ಸೇರಿದ ಮುಳ್ಳುಗಿಡದ ಗಟ್ಟಿ, ಹುಳಿ ಹಣ್ಣು. ಆನ್ಹುಯಿ ಪ್ರಾಂತ್ಯದ ಶ್ವೆನ್‌ಚೆಂಗ್‌ನದು ಹೆಸರುವಾಸಿ.

ಹಸಿರು ಹಳದಿಗೆ ತಿರುಗುವಾಗ ಕಿತ್ತು, ಸಿಪ್ಪೆ ಬೂದು ಬಣ್ಣಕ್ಕೆ ಬರುವವರೆಗೆ ಕುದಿನೀರಲ್ಲಿ ಹಾಕುತ್ತಾರೆ. ಉದ್ದುದ್ದ ಸೀಳಿ ಬಿಸಿಲಿಗಿಡುತ್ತಾರೆ. ಒಣಗಿದಾಗ ಸಿಪ್ಪೆ ಕೆನ್ನೇರಳೆಯಾಗಿ ಸುಕ್ಕುಗಟ್ಟುತ್ತದೆ. ಕೊಳ್ಳುವಾಗ ಆ ಸುಕ್ಕು ನೋಡಿ.

ದಿನಕ್ಕೆ 6ರಿಂದ 9 ಗ್ರಾಂ ಸಾಕು. ಬೀಜವಿದ್ದರೆ ತೆಗೆಯಿರಿ. ಚೂರುಗಳ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಹಾಕಿ, ಅರ್ಧ ಗಂಟೆ ನೆನೆಸಿ. ಮಣ್ಣಿನ ಪಾತ್ರೆಯೇ ಒಳ್ಳೆಯದು. ಕಬ್ಬಿಣದ್ದು ಬೇಡ ಅನ್ನುವುದು ಹಳೇ ನಿಯಮ. ಬಾಳೆಕಾಯಿ ಹೆಚ್ಚಿದರೆ ಕತ್ತಿ ಕಪ್ಪಾಗುವುದಿಲ್ವಾ? ಇದರಲ್ಲೂ ಅಂಥದೇ ಒಗರಿದೆ, ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ.

ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20–30 ನಿಮಿಷ ಕಾಯಿಸಿ ಸೋಸಿ. ಅದೇ ಚೂರಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಕಾಯಿಸಿ, ಎರಡನ್ನೂ ಬೆರೆಸಿ. ಅಲ್ಲಿನ ವೈದ್ಯರು ಇದೊಂದನ್ನೇ ಕೊಡುವುದು ಕಡಿಮೆ. ಶುಂಠಿ, ಸೋಂಪು, ಜ್ಯೇಷ್ಠಮಧು ಸೇರಿಸಿದ ಹಳೇ ಕಷಾಯವೊಂದಿದೆ. ತಂಡಿಗೆ ಕೀಲು ಬಿಗಿದರೆ, ವಾಂತಿ ಭೇದಿಯಾಗಿ ಕಾಲು ಸೆಳೆದರೆ ಕೂಡ ಮುಗುವಾ ಕೊಡುತ್ತಾರೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಈಗಿನ ಸಂಶೋಧನೆ ಹೆಚ್ಚಾಗಿ ಇಲಿಗಳ ಮೇಲೆ ನಡೆದದ್ದು. ಕೀಲು ಊದಿ ಬಿಸಿಯಾಗಿದ್ದರೆ, ಭೇದಿ ನಿಲ್ಲದಿದ್ದರೆ ಸುಮ್ನೆ ಕಷಾಯ ಕುಡಿಯುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಬಸುರಿಯರು, ದಿನವೂ ಮಾತ್ರೆ ನುಂಗುವವರು ಮೊದಲೇ ಕೇಳಬೇಕು. ಹುಳಿ ಜಾಸ್ತಿ, ಹಾಗಾಗಿ ಎದೆಯುರಿ ಇದ್ದವರಿಗೆ ಆಗದು. ಉಳಿದವರು ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಬೆಚ್ಚಗಿರುವಾಗಲೇ ಕುಡಿದು, ಹಲ್ಲು ಜುಮ್ಮೆನ್ನದಂತೆ ನೀರಲ್ಲಿ ಬಾಯಿ ಮುಕ್ಕಳಿಸಿ.