ಕೋಳಿ ತರುವ ಮೊದಲು ರಾತ್ರಿಯ ಯೋಚನೆ ಮಾಡಿ

"ಹಿತ್ತಲಲ್ಲಿ ನಾಲ್ಕು ಕೋಳಿ ಸಾಕೋಣ ಅಂತಿದ್ದೀನಿ, ಯಾವ ತಳಿ ತರಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. ರಾತ್ರಿ ಅವು ಎಲ್ಲಿ ಮಲಗುತ್ತವೆ? ತಳಿ, ಕಾಳು, ಮೊಟ್ಟೆ ಎಲ್ಲ ಆಮೇಲೆ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೂತಲ್ಲೇ ಕೂತಿರುತ್ತದೆ, ಎತ್ತಿಕೊಂಡು ಹೋದರೂ ಓಡುವುದಿಲ್ಲ.

ಇದನ್ನು ನಾನು ಕಲಿತದ್ದು ಎರಡು ಹೇಂಟೆ ಕಳೆದುಕೊಂಡು. ಮೊದಲ ಗೂಡಿಗೆ ಆರು ಮೂಲೆಯ ಕಣ್ಣಿರುವ ತೆಳು ಕೋಳಿ ಬಲೆ ಹೊಡೆದಿದ್ದೆ. ನೋಡಲು ಗಟ್ಟಿಯಾಗೇ ಇತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನೆಲದ ಮೂಲೆಯಲ್ಲಿ ಬಲೆ ಕಿತ್ತು ಒಳಕ್ಕೆ ಮಡಚಿತ್ತು. ಗೂಡಿನ ತುಂಬ ಗರಿ. ಉಳಿದ ಒಂದು ಹೇಂಟೆ ಕೋಲಿನ ತುದಿಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿತ್ತು. ಮಧ್ಯಾಹ್ನದವರೆಗೂ ಕೆಳಗಿಳಿಯಲಿಲ್ಲ. ಆ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ.

ಅದಕ್ಕೇ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ತನ್ನಿ. ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ದೊಡ್ಡದಿದ್ದರೆ ಇಲಿ, ಹಾವು ನುಸುಳುತ್ತವೆ. ಗೋಡೆಯ ಬುಡದಲ್ಲಿ ಅದೇ ಜಾಲರಿಯನ್ನು ಒಂದು ಅಡಿಯಷ್ಟು ಹೊರಗೆ ನೆಲದ ಮೇಲೆ ಹಾಸಿ, ಮೇಲೆ ಮಣ್ಣು, ಕಲ್ಲು ಹೇರಿ. ತೋಡುವ ಪ್ರಾಣಿ ಯಾವಾಗಲೂ ಗೋಡೆಯ ಬುಡಕ್ಕೇ ಬಂದು ತೋಡುತ್ತದೆ. ಅಲ್ಲಿ ಉಗುರಿಗೆ ತಂತಿ ಸಿಕ್ಕರೆ ಬಿಟ್ಟು ಹೋಗುತ್ತದೆ. ಬಾಗಿಲಿಗೆ ಸುಮ್ನೆ ಕೊಕ್ಕೆ ಸಾಲದು, ಚಿಲಕ ಹಾಕಿಸಿ.

ಜಾಗದ ಲೆಕ್ಕ ಹೀಗೆ. ಗೂಡಿನ ಒಳಗೆ ಒಂದು ಕೋಳಿಗೆ 4 ಚದರಡಿ, ಹೊರಗೆ ಓಡಾಡುವ ಆವರಣದಲ್ಲಿ 10 ಚದರಡಿ. ಇನ್ನೂ ಜಾಸ್ತಿ ಕೊಟ್ಟರೆ ಒಳ್ಳೆಯದೇ. ಇಕ್ಕಟ್ಟಾದರೆ ಒಂದರ ಗರಿ ಒಂದು ಕಿತ್ತು, ರಕ್ತ ಬರುವ ತನಕ ಕುಕ್ಕುತ್ತವೆ.

ನಮ್ಮ ಮನೆಕೋಳಿಯ ಮೂಲ ಕಾಡುಕೋಳಿ. ಅದು ರಾತ್ರಿ ಮರವೇರಿ ಮಲಗುತ್ತದೆ. ಆ ಬುದ್ಧಿ ಇವಕ್ಕೂ ಹೋಗಿಲ್ಲ. ಹಾಗಾಗಿ ಗೂಡಿನಲ್ಲಿ ಎರಡು ಇಂಚು ಅಗಲದ, ಅಂಚು ನುಣುಪಾದ ಒಂದು ಮರದ ಕೋಲು ಅಡ್ಡ ಕಟ್ಟಿ. ಒಂದೊಂದು ಕೋಳಿಗೆ 8 ರಿಂದ 10 ಇಂಚು ಉದ್ದ ಸಿಗಲಿ. ಮೊಟ್ಟೆ ಇಡುವ ಪೆಟ್ಟಿಗೆ ಈ ಕೋಲಿಗಿಂತ ಕೆಳಗಿರಬೇಕು. ಇಲ್ಲದಿದ್ದರೆ ಎತ್ತರ ಹುಡುಕಿ ಪೆಟ್ಟಿಗೆಯಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕುತ್ತವೆ. ಪೆಟ್ಟಿಗೆ ಒಂದಡಿ ಉದ್ದ, ಒಂದಡಿ ಅಗಲ ಇದ್ದರೆ ಸಾಕು. ಮೂರು ನಾಲ್ಕು ಹೇಂಟೆಗೆ ಒಂದು ಸಾಕು. ಎರಡಿಟ್ಟರೂ ಎಲ್ಲವೂ ಒಂದಕ್ಕೇ ಸಾಲು ನಿಲ್ಲುವುದುಂಟು.

ಗಾಳಿ ಆಡಲು, ಕೋಲಿನ ಮೇಲೆ ಕೂತ ಕೋಳಿಯ ತಲೆಗಿಂತ ಮೇಲೆ ಕಿಂಡಿ ಬಿಡಿ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕೋಳಿಯ ಎತ್ತರಕ್ಕೆ ಬಗ್ಗಿ ಒಮ್ಮೆ ಉಸಿರು ಎಳೆದುಕೊಳ್ಳಿ. ಹಿಕ್ಕೆಯ ಘಾಟಿಗೆ ಮೂಗು ಚುರುಗುಟ್ಟಿದರೆ ಅವು ರಾತ್ರಿಯಿಡೀ ಅದೇ ಗಾಳಿ ಕುಡಿದಿವೆ ಅಂತ ಅರ್ಥ. ನೆಲಕ್ಕೆ ಹಾಸಿದ ಹೊಟ್ಟು ಬದಲಾಯಿಸಿ, ಕಿಂಡಿ ದೊಡ್ಡದು ಮಾಡಿ.

ಈಗ ಕೋಳಿ ತರಬಹುದು. ನಿಮ್ಮ ಊರಲ್ಲಿ ಸಾಕಲು ನಿಯಮ ಏನಾದರೂ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಮೂರಕ್ಕಿಂತ ಕಮ್ಮಿ ಬೇಡ, ಒಂಟಿ ಕೋಳಿ ಸೊರಗುತ್ತದೆ. ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿ ಬೇಕಾದರೆ ಮಾತ್ರ ಹುಂಜ ಬೇಕು. ಮೊದಲ ಸಲ ಸಾಕುವವರಿಗೆ ನಾಲ್ಕೈದು ತಿಂಗಳ ಎಳೆ ಹೇಂಟೆಗಳೇ ಸುಲಭ. ಆರು ತಿಂಗಳ ಹೊತ್ತಿಗೆ ಮೊಟ್ಟೆ ಶುರುವಾಗುತ್ತದೆ. ತರುವಾಗಲೇ ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅಂತಲೂ ಅನ್ನುತ್ತಾರೆ), ಕೋಳಿ ಸಿಡುಬಿಗೆ ಲಸಿಕೆ ಆಗಿದೆಯಾ ಅಂತ ಕೇಳಿ. ಆಗಿಲ್ಲದಿದ್ದರೆ ಪಶುವೈದ್ಯರನ್ನು ಕಾಣಿ.

ಮರಿಯಿಂದಲೇ ಶುರು ಮಾಡುವ ಆಸೆ ಇದ್ದರೆ ಬಿಸಿ ಮುಖ್ಯ. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಆರು ವಾರದ ಹೊತ್ತಿಗೆ ಗರಿ ತುಂಬುತ್ತದೆ. ಥರ್ಮಾಮೀಟರ್ ಇರಲಿ, ಆದರೆ ನಾನು ಜಾಸ್ತಿ ನಂಬುವುದು ಮರಿಗಳನ್ನೇ. ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಚಿಂವ್‌ಗುಟ್ಟಿದರೆ ಚಳಿ. ಕೊಕ್ಕು ತೆರೆದು ಅಂಚಿಗೆ ಸರಿದರೆ ಸೆಕೆ. ಅಲ್ಲಲ್ಲಿ ಹರಡಿ ಒಂದು ತಿನ್ನುತ್ತಾ, ಒಂದು ನಿದ್ದೆ ಮಾಡುತ್ತಾ ಇದ್ದರೆ ಸರಿ ಇದೆ. ನೀರಿನ ತಟ್ಟೆಗೆ ನಾಲ್ಕು ಬೆಣಚುಕಲ್ಲು ಹಾಕಿ. ಬೆರಳುದ್ದ ನೀರಲ್ಲೂ ಎಳೆ ಮರಿ ಮುಳುಗಿ ಸಾಯುತ್ತದೆ.

ತಂದ ಮೊದಲ ವಾರ ಹೊರಗೆ ಬಿಡಬೇಡಿ. ಗೂಡಿನಲ್ಲೇ ತಿಂದು ಮಲಗಿ "ಇದು ನನ್ನ ಮನೆ" ಅಂತ ರೂಢಿಯಾಗಲಿ. ಆಮೇಲೆ ಒಂದು ದಿನ ಸಂಜೆ, ಕತ್ತಲಾಗಲು ಒಂದು ಗಂಟೆ ಇರುವಾಗ ಬಾಗಿಲು ತೆಗೆಯಿರಿ. ದೂರ ಹೋಗಲು ಹೊತ್ತಿರುವುದಿಲ್ಲ, ಮಬ್ಬಾಗುತ್ತಲೇ ತಾವೇ ಒಳಗೆ ಬರುತ್ತವೆ. ಮೊದಮೊದಲು ಕುಕ್ಕಾಟ ಇರುತ್ತದೆ. ಯಾರು ದೊಡ್ಡವರು ಅಂತ ತೀರ್ಮಾನವಾದ ಮೇಲೆ ಅಡಗುತ್ತದೆ. ಈ "ಕುಕ್ಕುವ ಸರದಿ"ಯ ಬಗ್ಗೆ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥಾರ್ಲೀಫ್ ಶೆಲ್ಡೆರಪ್-ಎಬ್ಬೆ 1921ರಲ್ಲೇ ಬರೆದರು. ಆತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ ಬೆಳೆದವನು. ನೀವೂ ದಿನಾ ಹತ್ತು ನಿಮಿಷ ಕೂತು ನೋಡಿ, ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಆಹಾರದ ವಿಷಯ ಜಾಸ್ತಿ ಇಲ್ಲ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 100 ರಿಂದ 120 ಗ್ರಾಂ ಲೇಯರ್ ಫೀಡ್. ಮರಿಗೆ ಅದನ್ನು ಕೊಡಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಎಳೆ ಮೂತ್ರಪಿಂಡಕ್ಕೆ ಕೆಡುಕು, ಮರಿಗೆ ಮರಿಯ ಫೀಡೇ ಇದೆ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ, ಬೇಕಾದದ್ದು ತಿಂದುಕೊಳ್ಳುತ್ತದೆ. ಕೋಳಿಗೆ ಹಲ್ಲಿಲ್ಲ, ಕಾಳು ಅರೆಯಲು ಹೊಟ್ಟೆಯೊಳಗೆ ಸಣ್ಣ ಕಲ್ಲು ಬೇಕು. ಹೊರಗೆ ಬಿಟ್ಟರೆ ತಾವೇ ಆಯ್ದುಕೊಳ್ಳುತ್ತವೆ. ಅಡಿಗೆಮನೆಯ ಸೊಪ್ಪು, ಸಿಪ್ಪೆ ಕೊಡಬಹುದು. ಬೂಷ್ಟು ಹಿಡಿದದ್ದು, ಉಪ್ಪು ಜಾಸ್ತಿ ಇರುವುದು, ಬೇಯಿಸದ ಒಣ ಹುರುಳಿಕಾಯಿ ಬೀಜ, ಚಾಕೊಲೇಟ್, ಬೆಣ್ಣೆಹಣ್ಣು ಬೇಡ. ನೀರು ಮಾತ್ರ ಯಾವತ್ತೂ ತಪ್ಪಬಾರದು. ಕೋಳಿಗೆ ಬೆವರು ಬರುವುದಿಲ್ಲ, ಬಿಸಿಲಿನ ದಿನ ನೆರಳೂ ತಣ್ಣಗಿನ ನೀರೂ ಅದರ ಜೀವ.

ಮತ್ತೆ ರಾತ್ರಿಗೆ ಬರುತ್ತೇನೆ. ನಮ್ಮ ಚುಕ್ಕಿ ಅನ್ನುವ ಹೇಂಟೆ ಒಂದು ಸಲ ಮಂಕಾಯಿತು. ಜುಟ್ಟು ಬಿಳಿಚಿತು, ಮೊಟ್ಟೆ ನಿಂತಿತು. ಸಂಜೆ ಗೂಡಿನ ಹತ್ತಿರ ಬರುತ್ತಿತ್ತು, ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಹಗಲು ಮೈಯೆಲ್ಲ ನೋಡಿದೆ, ಏನೂ ಕಾಣಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಹೋಗಿ ಕೋಲಿನ ಅಡಿಗೆ ಬಿಳಿ ಕಾಗದ ಒರೆಸಿದೆ. ಕಾಗದದ ಮೇಲೆ ಕೆಂಪು ಗೆರೆ ಮೂಡಿತು. ಚುಕ್ಕೆಯಷ್ಟು ಸಣ್ಣ ಕೆಂಪು ಹುಳು, ಹೊಟ್ಟೆ ತುಂಬ ರಕ್ತ. ಇವು ಹಗಲು ಮರದ ಬಿರುಕಲ್ಲಿ ಅಡಗಿದ್ದು ರಾತ್ರಿ ಹೊರಬಂದು ಹೀರುತ್ತವೆ. ಆ ಬಡ ಹೇಂಟೆ ತನಗೆ ತಿಳಿದಂತೆ ಹೇಳಿಯೇ ಇತ್ತು, ನನಗೇ ಅರ್ಥವಾಗಲಿಲ್ಲ. ಕೋಲು ಕಿತ್ತು ಕುದಿನೀರು ಹಾಕಿ ಉಜ್ಜಿ ಬಿಸಿಲಿಗಿಟ್ಟೆ, ಗೂಡಿನ ಬಿರುಕೆಲ್ಲ ತೊಳೆದೆ, ವೈದ್ಯರು ಹೇಳಿದ ಔಷಧಿ ಹೊಡೆದೆ. ವಾರ ಬಿಟ್ಟು ಮತ್ತೊಮ್ಮೆ ಮಾಡಿದೆ, ಮೊಟ್ಟೆಯಿಂದ ಹೊಸ ಹುಳು ಬಂದಿರುತ್ತವಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಆ ಬಿಳಿ ಕಾಗದ ತಪ್ಪಿಸಿಲ್ಲ. ಹೊರಗೆ ಒಣ ಮಣ್ಣು, ಬೂದಿ ಬೆರೆಸಿದ ಒಂದು ಗುಂಡಿಯೂ ಇರಲಿ. ಅದರಲ್ಲಿ ಹೊರಳಾಡಿ ಮೈ ಹೇನನ್ನು ತಾವೇ ಕಳೆದುಕೊಳ್ಳುತ್ತವೆ.

ದಿನಾ ಸಂಜೆ ಒಳಗೆ ಹೋಗುವಾಗ ಎಣಿಸಿ. ಒಂದೊಂದರ ಎದೆಯ ಮೇಲೆ, ಕುತ್ತಿಗೆಯ ಬುಡದಲ್ಲಿ ಮೆಲ್ಲಗೆ ಕೈಯಾಡಿಸಿ. ಅಲ್ಲಿ ಕಾಳಿನ ಚೀಲ ತುಂಬಿ ಉಬ್ಬಿದ್ದರೆ ಚೆನ್ನಾಗಿ ತಿಂದಿದೆ. ಸಂಜೆಗೂ ಖಾಲಿ ಇದ್ದರೆ ಆ ಕೋಳಿಯ ಮೇಲೆ ಕಣ್ಣಿಡಿ. ಕಾಯಿಲೆಯನ್ನು ಕೋಳಿ ಕೊನೆಯವರೆಗೂ ಮುಚ್ಚಿಡುತ್ತದೆ. ಹೊಸ ಕೋಳಿ ತಂದರೆ ಮೂರು ನಾಲ್ಕು ವಾರ ಬೇರೆ ಇಡಿ. ಒಟ್ಟಿಗೇ ಎರಡು ಮೂರು ಸತ್ತರೆ ಬರಿಗೈಲಿ ಮುಟ್ಟಬೇಡಿ, ತಕ್ಷಣ ಪಶುವೈದ್ಯರಿಗೆ ತಿಳಿಸಿ. ಗೂಡಿನ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ತೊಳೆಸಿ.

ನೀವು ಎರಡು ದಿನ ಎಲ್ಲಿಗಾದರೂ ಹೋಗಬೇಕಾದರೆ ಕಾಳು ನೀರು ನೋಡಲು ಯಾರಾದರೂ ಸಿಗುತ್ತಾರೆ, ಬಾಗಿಲು ಹಾಕುವುದೇ ಮರೆತು ಹೋಗುವುದು. ಹಿಂದಿನ ದಿನ ಸಂಜೆಯೇ ಅವರನ್ನು ಕರೆಸಿ. ಅವರೇ ಎಣಿಸಲಿ, ಚಿಲಕವನ್ನೂ ಅವರ ಕೈಯಿಂದಲೇ ಹಾಕಿಸಿ.