ಇಲಿಗಳಲ್ಲಿ ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್: ನಾನು ಮಾಡೋ ರೀತಿ

ಡಯಾಬಿಟಿಸ್ ಬಗ್ಗೆ ಇಲಿಗಳಲ್ಲಿ ಕೆಲಸ ಮಾಡೋರು ಒಂದಲ್ಲ ಒಂದು ದಿನ ಈ ಟೆಸ್ಟ್ ಮಾಡ್ಲೇಬೇಕು, ಅಂದ್ರೆ ಕೊಟ್ಟ ಗ್ಲೂಕೋಸನ್ನ ದೇಹ ರಕ್ತದಿಂದ ಎಷ್ಟು ಬೇಗ ಇಳಿಸತ್ತೆ ಅಂತ ನೋಡೋದು. ಪ್ರೋಟೋಕಾಲ್ ಅರ್ಧ ಪುಟ ಇರತ್ತೆ, ಉಪವಾಸ ಇಡಿ, ಗ್ಲೂಕೋಸ್ ಕೊಡಿ, ಇಷ್ಟಿಷ್ಟು ನಿಮಿಷಕ್ಕೆ ರಕ್ತ ನೋಡಿ ಅಂತ. ಆದ್ರೆ ಇಲಿ ಹೆದರಿದ್ರೆ ಅಡ್ರಿನಲಿನ್, ಕಾರ್ಟಿಕೋಸ್ಟೆರಾನ್ ಅನ್ನೋ ಒತ್ತಡದ ಹಾರ್ಮೋನ್‌ಗಳು ಏರಿ ಲಿವರ್‌ನಿಂದಾನೇ ಗ್ಲೂಕೋಸ್ ರಕ್ತಕ್ಕೆ ಬಂದ್ಬಿಡತ್ತೆ, ನೀವು ಕೊಟ್ಟಿದ್ದೆಷ್ಟು ಭಯಕ್ಕೆ ಬಂದಿದ್ದೆಷ್ಟು ಅಂತ ಗ್ಲುಕೋಮೀಟರ್ ಬೇರೆ ಮಾಡಿ ಹೇಳಲ್ಲ.

ಹಾಗಾಗಿ ನಾನು ವಾರ ಮುಂಚಿನಿಂದಾನೇ ಇಲಿಗಳನ್ನ ಅಭ್ಯಾಸ ಮಾಡಿಸ್ತೀನಿ. ಬಾಲ ಹಿಡಿದು ಎತ್ತೋದೇ ಇಲ್ಲ, ಕೇಜ್ ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ ಇಟ್ಟಿರ್ತೀನಿ, ಇಲಿ ತಾನಾಗೇ ಒಳಗೆ ಹೋದಾಗ ಕೊಳವೆ ಸಮೇತ ಎತ್ತೋದು. ಬಾಲ ಹಿಡಿದ್ರೆ ಇಲಿಗಳಿಗೆ ಆತಂಕ ಜಾಸ್ತಿ ಅಂತ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲೇ ತೋರಿಸಿದಾರೆ, ಇನ್ನೂ ಎಷ್ಟೋ ಲ್ಯಾಬ್‌ಗಳಲ್ಲಿ ಬಾಲಾನೇ ಹಿಡೀತಾರೆ ಅನ್ನೋದು ನಂಗೆ ನಿಜವಾಗ್ಲೂ ಬೇಜಾರು. ತೂಕ ನೋಡೋದು, ಕೈಯಲ್ಲಿ ಹಿಡ್ಕೊಳ್ಳೋದು ಎಲ್ಲಾ ಮೊದಲೇ ರೂಢಿ ಆದ್ರೆ ಟೆಸ್ಟ್ ದಿನದ ಸೊನ್ನೆ ನಿಮಿಷದ ರೀಡಿಂಗ್ ಇಲಿಯಿಂದ ಇಲಿಗೆ ಅಷ್ಟೊಂದು ಏರುಪೇರಾಗಲ್ಲ.

ಉಪವಾಸ ಬೆಳಿಗ್ಗೆಯಿಂದ 6 ಗಂಟೆ ಅಷ್ಟೆ. ರಾತ್ರಿಯಿಡೀ ಇಡೋರೂ ಇದಾರೆ, ಆದ್ರೆ ಇಲಿ ತಿನ್ನೋದೇ ರಾತ್ರಿ ಹೊತ್ತು, ಅಷ್ಟೊತ್ತು ಊಟ ಇಲ್ದಿದ್ರೆ ಲಿವರ್‌ನ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ಹೆಚ್ಚುಕಮ್ಮಿ ಖಾಲಿ, ತೂಕಾನೂ ಇಳಿಯತ್ತೆ, ಆಗ ನಾವು ನೋಡ್ತಿರೋದು ಹಸಿದು ಸೊರಗಿದ ಪ್ರಾಣೀನ. ಊಟ ತೆಗೆಯೋವಾಗ ಹೊಸ ಬೆಡ್ಡಿಂಗ್ ಹಾಕಿದ ಕೇಜ್‌ಗೆ ಬದಲಾಯಿಸ್ತೀನಿ, ಹಳೇದ್ರಲ್ಲಿ ಊಟದ ಚೂರು ಇದ್ದೇ ಇರತ್ತೆ. ನೀರು ಮಾತ್ರ ತೆಗೀಬಾರ್ದು.

ಡೋಸ್ ಕೆಜಿಗೆ 2 ಗ್ರಾಂ. 20% ದ್ರಾವಣ ಮಾಡ್ಕೊಂಡ್ರೆ ಗ್ರಾಂ ತೂಕಕ್ಕೆ 10 ಮೈಕ್ರೋಲೀಟರ್, 25 ಗ್ರಾಂ ಇಲಿಗೆ 250 ಮೈಕ್ರೋಲೀಟರ್, ಹೊಟ್ಟೆಯ ಕೆಳಗೆ ಬಲಭಾಗಕ್ಕೆ ಇಂಜೆಕ್ಷನ್. ಇಲ್ಲೊಂದು ವಿಷ್ಯ ಇದೆ. ಹೈ ಫ್ಯಾಟ್ ಡಯಟ್ ತಿಂದು 45 ಗ್ರಾಂ ಆದ ಇಲಿಗೆ ಇದೇ ಲೆಕ್ಕದಲ್ಲಿ 90 ಮಿಲಿಗ್ರಾಂ ಹೋಗತ್ತೆ, ಸಣ್ಣ ಇಲಿಗೆ 50. ಜಾಸ್ತಿ ಆದ ತೂಕದಲ್ಲಿ ಹೆಚ್ಚಿನದು ಕೊಬ್ಬು, ಗ್ಲೂಕೋಸ್ ಎಳ್ಕೊಳ್ಳೋದು ಮುಖ್ಯವಾಗಿ ಸ್ನಾಯು, ಅಂದ್ರೆ ದಪ್ಪ ಇಲಿಯ ಕರ್ವ್ (ಸಮಯದ ಜೊತೆ ರಕ್ತದ ಗ್ಲೂಕೋಸ್ ಏರಿಳಿಯೋ ಗ್ರಾಫ್) ನಮ್ಮ ಡೋಸ್‌ನಿಂದಾನೇ ಇನ್ನಷ್ಟು ಕೆಟ್ಟದಾಗಿ ಕಾಣತ್ತೆ. ಅದಕ್ಕೇ ಬಾಡಿ ಕಾಂಪೊಸಿಷನ್ ಅಳೆಯೋ ಮಷಿನ್ ಸಿಕ್ಕಾಗ ಕೊಬ್ಬು ಬಿಟ್ಟ ತೂಕಕ್ಕೆ ಡೋಸ್ ಹಾಕ್ತೀನಿ, ಸಿಗದಿದ್ರೆ ಎಲ್ಲಾ ಇಲಿಗೂ ಒಂದೇ ಪ್ರಮಾಣ ಕೊಟ್ಟು ಅದನ್ನ ಪೇಪರ್‌ನ ಮೆಥಡ್ಸ್ ಭಾಗದಲ್ಲಿ ಸ್ಪಷ್ಟವಾಗಿ ಬರೀತೀನಿ.

ಬಾಲದ ತುದಿಗೆ ಸಣ್ಣ ಗಾಯ, ಮೊದಲ ಹನಿ ಒರೆಸಿ ಎರಡನೇದು ಸ್ಟ್ರಿಪ್‌ಗೆ. 0, 15, 30, 60, 90, 120 ನಿಮಿಷ. ಒಂದೊಂದು ಇಲಿಗೂ ಮಧ್ಯೆ ಒಂದು ನಿಮಿಷ ಅಂತರ ಇಟ್ಟು ಶುರು ಮಾಡಿದ್ರೆ ಆತುರ ಇಲ್ದೆ ಎಲ್ಲಾದನ್ನೂ ನೋಡ್ಬೋದು. 25 ಗ್ರಾಂ ಇಲಿ ಮೈಯಲ್ಲಿ ಇರೋ ರಕ್ತ ಸುಮಾರು 2 ಎಂಎಲ್ ಮಾತ್ರ, ಹನಿ ಬರ್ತಿಲ್ಲ ಅಂತ ಬಾಲ ಹಿಂಡಬೇಡಿ, ನಿಧಾನಕ್ಕೆ ನೀವಿದ್ರೆ ಬರತ್ತೆ.

ಯಾವ ಕೇಜ್ ಯಾವ ಗುಂಪು ಅಂತ ನಂಗೆ ಗೊತ್ತಿರಬಾರ್ದು, ಕೋಡ್ ಬೇರೆಯವ್ರು ಹಾಕ್ತಾರೆ. ಕಂಟ್ರೋಲ್ ಇಲಿಗಳ ಸಬ್‌ಸ್ಟ್ರೇನ್ (ತಳಿಯೊಳಗಿನ ಉಪತಳಿ) ಕೂಡ ನೋಡ್ಕೊಳ್ಳಿ, ಲ್ಯಾಬ್‌ಗಳಲ್ಲಿ ತುಂಬಾ ಬಳಸೋ ಸಿ57ಬಿಎಲ್/6ಜೆ ಇಲಿಗಳಲ್ಲಿ ಇನ್ಸುಲಿನ್ ಬಿಡುಗಡೆ ಮೇಲೆ ಪರಿಣಾಮ ಬೀರೋ ಎನ್‌ಎನ್‌ಟಿ ಜೀನ್ ಕೆಟ್ಟಿರತ್ತೆ, ಅದರದೇ ಇನ್ನೊಂದು ಉಪತಳಿ 6ಎನ್‌ನಲ್ಲಿ ಸರಿ ಇರತ್ತೆ, ಒಂದನ್ನ ಇನ್ನೊಂದ್ರ ಜೊತೆ ಹೋಲಿಸಿದ್ರೆ ಫಲಿತಾಂಶ ನಂಬಕ್ಕಾಗಲ್ಲ.

ಮುಗಿದ ತಕ್ಷಣ ಊಟ ವಾಪಸ್ ಕೊಟ್ಟು, ಬಾಲದಿಂದ ರಕ್ತ ನಿಂತಿದ್ಯಾ ನೋಡಿ, ಮಾರನೇ ದಿನ ತೂಕ ನೋಡ್ತೀನಿ. ಇನ್ಸುಲಿನ್ ಟಾಲರೆನ್ಸ್ ಟೆಸ್ಟ್ (ಇನ್ಸುಲಿನ್ ಕೊಟ್ಟು ಗ್ಲೂಕೋಸ್ ಎಷ್ಟು ಇಳಿಯತ್ತೆ ಅಂತ ನೋಡೋದು) ಇದ್ರೆ ಮಧ್ಯೆ ಕನಿಷ್ಠ ಒಂದು ವಾರ ಬಿಡ್ತೀನಿ, ಆ ದಿನ ಗ್ಲೂಕೋಸ್ ತುಂಬಿದ ಸಿರಿಂಜ್ ಪಕ್ಕದಲ್ಲೇ ರೆಡಿ ಇರತ್ತೆ, ಗ್ಲೂಕೋಸ್ ತುಂಬಾ ಇಳಿದು ಇಲಿ ತೂರಾಡಕ್ಕೆ ಶುರು ಮಾಡಿದ್ರೆ ರೀಡಿಂಗ್‌ಗೆ ಕಾಯದೆ ಕೊಟ್ಬಿಡ್ತೀನಿ.