ಮಸುಕಾದ ನೂರು ಚಿತ್ರಗಳು: ಸ್ವಚಿತ್ರ ಮತ್ತು ಚಲನೆಯೊಡನೆ ನನ್ನ ಅನುಭವ

ಚಲಿಸುತ್ತಿರುವಾಗ ತೆಗೆದ, ಮುಖವೇ ಗುರುತಾಗದಷ್ಟು ಮಸುಕಾದ ಸ್ವಚಿತ್ರಗಳು ದೇಹದ ಚಲನೆಯ ಮೂಲಕ ಮನಸ್ಸಿಗೆ ನೆರವಾಗುವ ನೃತ್ಯ ಚಲನೆ ಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ನಾನು ಮೊದಲು ಹೇಳಿದಾಗ ಎರಡು ಕಡೆಯವರೂ ನಕ್ಕಿದ್ದರು. ಕೋಣೆಯಲ್ಲಿ ಕ್ಯಾಮೆರಾ ಇದ್ದರೆ ಚಲನೆ ಪ್ರದರ್ಶನವಾಗಿಬಿಡುತ್ತದೆ, ಒಳಗಿನಿಂದ ಏನೂ ಹೊಮ್ಮುವುದಿಲ್ಲ ಎಂದು ನನ್ನೊಡನೆ ತರಬೇತಿ ಪಡೆದ ಚಿಕಿತ್ಸಕರು ಹೇಳಿದರು. ಛಾಯಾಗ್ರಾಹಕ ಗೆಳೆಯರು ಅಲುಗಾಡಿದ ಚಿತ್ರಗಳನ್ನು ನೋಡಿ, ಮೊದಲು ಶಟರ್ ವೇಗ ಹೊಂದಿಸುವುದನ್ನು ಕಲಿಯಬೇಕೆಂದು ಸಲಹೆ ಕೊಟ್ಟರು. ಮೊದಲ ಒಂದೂವರೆ ವರ್ಷದ ಮಟ್ಟಿಗೆ ಇಬ್ಬರ ಮಾತೂ ಸರಿಯಾಗಿಯೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಈಗ ಆ ನಕ್ಕವರಲ್ಲೇ ಮೂವರು ನನ್ನ ಕ್ರಮವನ್ನು ತಮ್ಮ ಕೆಲಸದಲ್ಲಿ ಬಳಸುತ್ತಿರುವುದರಿಂದ, ಅದು ರೂಪುಗೊಂಡ ಬಗೆಯನ್ನು ನಾನೇ ಬರೆದಿಡುವುದು ಒಳ್ಳೆಯದೆನಿಸಿತು.

ನನಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಗಿ ಕತ್ತಿನ ಬುಡದಲ್ಲಿ ಅಡ್ಡಗೆರೆಯೊಂದು ಉಳಿದುಕೊಂಡಿತ್ತು. ಧ್ವನಿ ಸುಮಾರು ನಾಲ್ಕು ತಿಂಗಳು ಒಡೆದೇ ಇತ್ತು, ಆಮೇಲೆ ಮರಳಿತು. ಗಾಯವೂ ಮಾಯಿತು. ಆದರೆ ಇತರರ ಚಲನೆಯನ್ನು ಓದುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ನನ್ನ ದೇಹದಲ್ಲಿ ಏನೋ ಸಿಕ್ಕಿಹಾಕಿಕೊಂಡಿರುವುದು ತಿಳಿಯುತ್ತಿತ್ತೇ ಹೊರತು, ಅದು ಎಲ್ಲಿದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಬ್ರಿಟನ್ನಿನ ಛಾಯಾಗ್ರಾಹಕಿ ಜೋ ಸ್ಪೆನ್ಸ್ 1982ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದ ಮೇಲೆ ಕ್ಯಾಮೆರಾವನ್ನು ತನ್ನ ದೇಹದತ್ತಲೇ ತಿರುಗಿಸಿ, ರೋಸಿ ಮಾರ್ಟಿನ್ ಜೊತೆಗೂಡಿ ಛಾಯಾಚಿತ್ರವನ್ನು ಚಿಕಿತ್ಸೆಯ ಸಾಧನವಾಗಿ ಬೆಳೆಸಿದ ವಿಷಯ ನನಗೆ ತಿಳಿದಿತ್ತು. ಅವರು ಮಾಡಿದ್ದನ್ನು ಚಲನೆಯೊಳಗೆ ಮಾಡಬಹುದೇ ಎಂಬ ಪ್ರಶ್ನೆಯಿಂದ ನನ್ನ ಕೆಲಸ ಆರಂಭವಾಯಿತು.

ಆರಂಭದ ತಪ್ಪುಗಳೆಲ್ಲ ದುಬಾರಿ ತಪ್ಪುಗಳೇ. ಒಂದು ಗೋಡೆಯ ತುಂಬ ಕನ್ನಡಿಯಿದ್ದ ಅಭ್ಯಾಸದ ಸಭಾಂಗಣವನ್ನು ವಾರಕ್ಕೆರಡು ಬಾರಿ ಬಾಡಿಗೆಗೆ ಹಿಡಿದೆ. ಮಂದ ಬೆಳಕಿನಲ್ಲೂ ಚುರುಕಾಗಿ ಚಿತ್ರ ತೆಗೆಯಬಲ್ಲ ಭಾರವಾದ ಲೆನ್ಸ್ ಕೊಂಡೆ. ಮೊದಲ ವರ್ಷದ ಲೆಕ್ಕ ಕೂಡಿಸಿ ನೋಡಿದಾಗ ಸುಮಾರು ಐದು ತಿಂಗಳ ಸಂಪಾದನೆ ಅದರಲ್ಲೇ ಕರಗಿತ್ತು. ಬಂದ ಚಿತ್ರಗಳಾದರೋ ಅಚ್ಚುಕಟ್ಟಾಗಿದ್ದವು, ಸ್ಪಷ್ಟವಾಗಿದ್ದವು, ಸುಂದರವಾಗಿಯೂ ಇದ್ದವು. ಅವುಗಳಲ್ಲಿ ನಾನು ಮಾತ್ರ ಇರಲಿಲ್ಲ. ಕನ್ನಡಿ ಎದುರಿಗಿದ್ದಷ್ಟು ಹೊತ್ತೂ ಕಣ್ಣು ರೂಪವನ್ನು ತಿದ್ದುತ್ತಲೇ ಇರುತ್ತದೆ. ಕಣ್ಣು ಮುಚ್ಚಿಕೊಂಡರೆ ಕಿವಿ ಆ ಕೆಲಸಕ್ಕೆ ನಿಲ್ಲುತ್ತದೆ: ಶಟರ್ ಸದ್ದು ಕೇಳಿದೊಡನೆ ತೋಳು ಗಾಳಿಯಲ್ಲಿ ಒಂದು ಕ್ಷಣ ತಡೆದು, ಗದ್ದ ತಾನಾಗಿ ಮೇಲೇಳುತ್ತಿತ್ತು. ಹದಿನೈದು ಸೆಕೆಂಡಿಗೊಮ್ಮೆ ಕ್ಲಿಕ್ಕಿಸುವಂತೆ ಇಂಟರ್ವಲ್ ಟೈಮರ್ ಇಟ್ಟರೆ, ಹತ್ತು ನಿಮಿಷದೊಳಗೆ ದೇಹ ಆ ಲಯವನ್ನೂ ಕಲಿತುಕೊಂಡು ಹದಿನಾಲ್ಕನೆಯ ಸೆಕೆಂಡಿಗೇ ಭಂಗಿ ಹಿಡಿದು ಕಾಯುತ್ತಿತ್ತು! ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಪರದೆಯನ್ನು ಇಣುಕಿ ನೋಡುತ್ತಿದ್ದುದು ಇನ್ನೂ ದೊಡ್ಡ ತಪ್ಪು. ನೋಡಿದ ಮೇಲಿನ ಚಲನೆಯೆಲ್ಲ ನೋಡಿದ ಚಿತ್ರವನ್ನು ಸರಿಪಡಿಸುವ ಪ್ರಯತ್ನವಾಗುತ್ತಿತ್ತು.

ದಾರಿ ತೆರೆದದ್ದು ಅಜಾಗರೂಕತೆಯಿಂದ. ಸಭಾಂಗಣದ ಬಾಡಿಗೆ ಕಟ್ಟಲಾಗದೆ ಮನೆಯ ಕೋಣೆಯಲ್ಲೇ ಕೆಲಸ ಮುಂದುವರಿಸಿದ್ದ ಒಂದು ಸಂಜೆ, ಬೆಳಕು ಇಳಿದಿದ್ದುದನ್ನು ಗಮನಿಸದೆ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ) ಕಿರಿದಾದ ಎಫ್ 11ರಲ್ಲೂ ಐಎಸ್‌ಒವನ್ನು (ಬೆಳಕಿಗೆ ಸ್ಪಂದಿಸುವ ಮಟ್ಟ) ಕಡಿಮೆಯಾದ 100ರಲ್ಲೂ ಬಿಟ್ಟಿದ್ದೆ. ಕ್ಯಾಮೆರಾ ತಾನಾಗಿ ಒಂದು ಸೆಕೆಂಡಿನ ಎಕ್ಸ್‌ಪೋಷರ್ ಆರಿಸಿಕೊಂಡಿತ್ತು, ಅಂದರೆ ಪ್ರತಿ ಚಿತ್ರಕ್ಕೂ ಶಟರ್ ಒಂದು ಸೆಕೆಂಡು ತೆರೆದೇ ಇರುತ್ತಿತ್ತು. ಸದ್ದು ಬೇಡವೆಂದು ಆ ವೇಳೆಗಾಗಲೇ ಎಲೆಕ್ಟ್ರಾನಿಕ್ ಶಟರಿಗೆ ಬದಲಾಯಿಸಿದ್ದೆನಾದ್ದರಿಂದ ನನಗೇನೂ ತಿಳಿಯಲಿಲ್ಲ. ಚಿತ್ರಗಳನ್ನು ನೋಡಿದಾಗ ಸೊಂಟದಿಂದ ಮೇಲೆ ಎಲ್ಲವೂ ಹೊಗೆಯಂತೆ ಹರಡಿಹೋಗಿತ್ತು. ಆದರೆ ಆ ಹೊಗೆಯ ನಡುವೆ ಬಲಗೈಯ ಬೆರಳುಗಳು ಮಾತ್ರ ಉಗುರಿನ ಅಂಚು ಎಣಿಸುವಷ್ಟು ಸ್ಪಷ್ಟವಾಗಿದ್ದವು, ಮತ್ತು ಅವು ನನ್ನ ಕತ್ತಿನ ಮೇಲಿದ್ದವು. ಮುಂದಿನ ಚಿತ್ರದಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ ಹಾಗೆಯೇ. ಇಪ್ಪತ್ತೈದು ನಿಮಿಷದ ಅವಧಿಯಲ್ಲಿ ತೆಗೆದ ನೂರು ಚಿತ್ರಗಳಲ್ಲಿ ಅರವತ್ತಕ್ಕೂ ಹೆಚ್ಚು ಕಡೆ ಆ ಕೈ ಅಲ್ಲಿಯೇ ಇತ್ತು. ಇಡೀ ಅವಧಿಯಲ್ಲಿ ನಾನು ಕತ್ತನ್ನು ಒಮ್ಮೆಯೂ ಮುಟ್ಟಿಲ್ಲವೆಂದು ಆಣೆಯಿಟ್ಟು ಹೇಳಲು ಸಿದ್ಧನಿದ್ದೆ.

ದೀರ್ಘ ಎಕ್ಸ್‌ಪೋಷರ್‌ನಲ್ಲಿ ಚಲಿಸಿದ್ದು ಕರಗುತ್ತದೆ, ನಿಂತದ್ದು ಉಳಿಯುತ್ತದೆ ಎಂಬುದು ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ. ದೇಹದಲ್ಲಿ ಯಾವುದು ಚಲಿಸುತ್ತಿಲ್ಲ ಎಂದು ಹುಡುಕುವುದೇ ನಮ್ಮ ಅರ್ಧ ಕೆಲಸವಾಗಿರುವಾಗ ಈ ಎರಡನ್ನೂ ಜೋಡಿಸಲು ನನಗೆ ಅಷ್ಟು ಕಾಲ ಬೇಕಾದದ್ದೇ ಆಶ್ಚರ್ಯ. ಮಸುಕಾದ ಚಿತ್ರವನ್ನು ನಾನು ಮಸುಕಿಗಾಗಿ ನೋಡುವುದಿಲ್ಲ, ಅದರಲ್ಲಿ ಮಸುಕಾಗದೆ ಉಳಿದ ಭಾಗಕ್ಕಾಗಿ ನೋಡುತ್ತೇನೆ. ಚಲನೆಯ ಸಿದ್ಧಾಂತಿ ರುಡಾಲ್ಫ್ ಲಾಬಾನ್ ಹೇಳುವ ಭಾರ, ಸ್ಥಳ, ಕಾಲ, ಹರಿವು ಎಂಬ ಚಲನೆಯ ನಾಲ್ಕು ಗುಣಗಳಲ್ಲಿ ಸಾಮಾನ್ಯ ಛಾಯಾಚಿತ್ರ ಕೊನೆಯ ಎರಡನ್ನು ಸಂಪೂರ್ಣವಾಗಿ ನುಂಗಿಬಿಡುತ್ತದೆ, ಆದರೆ ಒಂದು ಸೆಕೆಂಡಿನ ಎಕ್ಸ್‌ಪೋಷರ್ ಅವನ್ನು ಚೌಕಟ್ಟಿನೊಳಕ್ಕೆ ಮರಳಿ ತರುತ್ತದೆ. ನಿಧಾನವಾಗಿ ಎಳೆದ ತೋಳು ಎಡೆಬಿಡದ ದಟ್ಟ ಪಟ್ಟಿಯಾಗಿ ಬೀಳುತ್ತದೆ. ಥಟ್ಟನೆ ಚಿಮ್ಮಿದ ತೋಳು ಎರಡು ತುದಿಯಲ್ಲಿ ಮಾತ್ರ ಕಂಡು ನಡುವೆ ಬಹುತೇಕ ಮಾಯವಾಗುತ್ತದೆ.

ಉಪಕರಣದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಆದರೆ ನನ್ನ ಸಮಯವನ್ನು ತಿಂದ ಕೆಲವನ್ನು ತಿಳಿಸುತ್ತೇನೆ. ಬಿಳಿಯ ಗೋಡೆಯ ಮುಂದೆ ಈ ಕೆಲಸ ನಡೆಯದು, ಏಕೆಂದರೆ ಚಲಿಸುವ ದೇಹದ ಹಿಂದಿನ ಬೆಳಕು ದೇಹವನ್ನೇ ತಿಂದುಹಾಕುತ್ತದೆ. ಕಪ್ಪು ಬಟ್ಟೆಯ ಹಿನ್ನೆಲೆ, ತಿಳಿಬಣ್ಣದ ಉಡುಪು, ಪಕ್ಕದಿಂದ ಒಂದೇ ದೀಪ ಇದ್ದರೆ ಸಾಕು. ದೀರ್ಘ ಎಕ್ಸ್‌ಪೋಷರಿಗೆ ನಾಯ್ಸ್ (ಚಿತ್ರದಲ್ಲಿ ಮೂಡುವ ಅನಗತ್ಯ ಚುಕ್ಕೆಗಳು) ಕಡಿಮೆ ಮಾಡುವ ಆಯ್ಕೆಯನ್ನು ಆಫ್ ಮಾಡಿಡಬೇಕು, ಇಲ್ಲದಿದ್ದರೆ ಕ್ಯಾಮೆರಾ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಚಿತ್ರ ತೆಗೆಯುತ್ತ ಕೂರುತ್ತದೆ. ಹಗಲಿನಲ್ಲಿ ಮಾಡುವುದಾದರೆ ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಅರ್ಧ ಸೆಕೆಂಡು ನನಗೆ ಸಾಲಲಿಲ್ಲ, ಎರಡು ಸೆಕೆಂಡಿನಲ್ಲಿ ಸತ್ಯವಾಗಿ ನಿಂತ ಭಾಗವೂ ಉಸಿರಾಟಕ್ಕೆ ಅಲುಗಿ ಕೆಟ್ಟಿತು. ಆ ಭಾರವಾದ ಲೆನ್ಸನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ. ಆ ಹಣದಲ್ಲಿ ಹಳೆಯ ಮುದ್ರಕವೂ ಕಪ್ಪು ಬಟ್ಟೆಯೂ ಬಂದು ಇನ್ನಷ್ಟು ಉಳಿಯಿತು. ದೀಪವನ್ನು ಯಾವ ಎತ್ತರದಲ್ಲಿ, ಯಾವ ಕೋನದಲ್ಲಿ ಇಟ್ಟರೆ ನಿಂತ ಭಾಗ ಇನ್ನೂ ಎದ್ದುಕಾಣುತ್ತದೆ ಎಂಬುದನ್ನು ನಾನು ಎಂಟು ತಿಂಗಳು ಹೆಣಗಿ ಕಂಡುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಚಿತ್ರಗಳನ್ನು ತೆಗೆದ ದಿನವೇ ನೋಡಬಾರದು ಎಂಬುದು ಈ ಕ್ರಮದ ಬೆನ್ನೆಲುಬು. ಮೂರು ದಿನ ಬಿಟ್ಟು ನೋಡಿದರೆ ನಾಚಿಕೆ ಇನ್ನೂ ಹಸಿಯಾಗಿರುತ್ತದೆ. ಮೂರು ವಾರ ಬಿಟ್ಟು ನೋಡಿದರೆ ಅಂದು ಮೈಯಲ್ಲಿ ಏನಿತ್ತೆಂಬುದೇ ಮರೆತು, ಯಾರದೋ ಚಿತ್ರ ನೋಡಿದಂತಾಗುತ್ತದೆ. ನನಗೆ ಒಂಬತ್ತು ಹತ್ತು ದಿನಗಳ ಅಂತರ ಸರಿಹೊಂದಿತು, ನಂತರ ಬಂದವರಲ್ಲಿ ಹೆಚ್ಚಿನವರಿಗೂ ಅಷ್ಟೇ. ಪರದೆಯಲ್ಲಿ ನೋಡಿದರೆ ಬೆರಳು ಹಿಗ್ಗಿಸಿ ಮುಖವನ್ನೇ ಹುಡುಕುತ್ತದೆ. ಆದ್ದರಿಂದ ಹೆಬ್ಬೆರಳಿನ ಗಾತ್ರದ ಚಿತ್ರಗಳಾಗಿ ಒಂದು ಹಾಳೆಗೆ ಇಪ್ಪತ್ತೈದರಂತೆ ನಾಲ್ಕು ಹಾಳೆ ಮುದ್ರಿಸಿ, ನೆಲದ ಮೇಲೆ ಹರಡಿ, ನಿಂತು ನೋಡುತ್ತೇನೆ. ಒಂದೇ ಚಿತ್ರ ಆರಿಸಬೇಕು, ಅದೂ ಚೆಂದ ಕಂಡದ್ದನ್ನಲ್ಲ, ಹರಿದುಹಾಕಬೇಕೆನಿಸಿದ್ದನ್ನು. ಮೊದಲ ನೋಟದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ. ಅದನ್ನು ಮೊದಲೇ ತಿಳಿದರೆ ಉತ್ತರವನ್ನು ಸಿದ್ಧಪಡಿಸಿಕೊಂಡೇ ಬರುತ್ತಾರಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಆಮೇಲೆ ಆ ಆಕಾರವನ್ನು ಮೈಯಲ್ಲಿ ತೆಗೆದುಕೊಂಡು, ಮೂರು ಉಸಿರು ಅದರಲ್ಲೇ ಇದ್ದು, ಅದು ಎತ್ತ ಹೋಗಬಯಸುತ್ತದೋ ಅತ್ತ ಹೋಗಲು ಬಿಡುವುದು. ಎರಡನೆಯ ಅವಧಿಯ ಚಿತ್ರಗಳು ಅಲ್ಲಿಂದ ಹುಟ್ಟುತ್ತವೆ.

ಇಲ್ಲಿ ಎಡಬಲದ ತೊಡಕೊಂದು ಎದುರಾಗುತ್ತದೆ. ನಾವು ಕನ್ನಡಿಯಲ್ಲಿ ಕಂಡು ಬೆಳೆದ ಮುಖ ತಿರುವುಮುರುವಾದದ್ದು. ಜನ ತಮ್ಮ ವಿಷಯದಲ್ಲಿ ಕನ್ನಡಿಯ ರೂಪವನ್ನೂ, ಅವರ ಗೆಳೆಯರು ನಿಜವಾದ ರೂಪವನ್ನೂ ಇಷ್ಟಪಡುತ್ತಾರೆಂದು 1977ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ತೋರಿಸಿತ್ತು. ಕುತೂಹಲಕ್ಕೆಂದು ಒಂದೇ ಚಿತ್ರವನ್ನು ಎರಡೂ ಬಗೆಯಲ್ಲಿ ಮುದ್ರಿಸಿ ಹಲವು ವಾರ ಪ್ರಯತ್ನಿಸಿದೆ. ಕನ್ನಡಿಯಂತೆ ತಿರುಗಿಸಿದ ಚಿತ್ರದೊಳಕ್ಕೆ ಮೈ ಸಲೀಸಾಗಿ ಇಳಿಯುತ್ತಿತ್ತು. ತಿರುಗಿಸದ ಚಿತ್ರದಲ್ಲಿದ್ದವನು ಬೇರೆಯವನಂತೆ ಕಾಣುತ್ತಿದ್ದನಾದ್ದರಿಂದ ನಾನು ಅವನನ್ನು ಬೈಯುತ್ತಿರಲಿಲ್ಲ. ಈಗ ನೋಡುವುದಕ್ಕೆ ತಿರುಗಿಸದ ಚಿತ್ರ, ಚಲಿಸುವುದಕ್ಕೆ ತಿರುಗಿಸಿದ ಚಿತ್ರ ಎಂದು ಎರಡನ್ನೂ ಬಳಸುತ್ತೇನೆ.

ಎಲ್ಲವೂ ಹೀಗೆ ಸಲೀಸಾಗಿ ಸಾಗಿತೆಂದು ತಿಳಿಯಬಾರದು. ಒಮ್ಮೆ ಒಬ್ಬನೇ ಇದ್ದಾಗ, ಅಂಗಾತ ಮಲಗಿ ಕತ್ತು ಹಿಂದಕ್ಕೆ ಚಾಚಿದ್ದ ಚಿತ್ರವೊಂದನ್ನು ಆರಿಸಿ ಆ ಆಕಾರಕ್ಕೆ ಇಳಿದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿದ್ದು ಅದೇ ಭಂಗಿಯಲ್ಲಿ ಎಂಬುದು ಮೈಗೆ ನೆನಪಾದದ್ದು ನನಗೆ ನೆನಪಾಗುವುದಕ್ಕಿಂತ ಮೊದಲೇ. ನಡುಕ ಹಿಡಿದು ಮುಕ್ಕಾಲು ಗಂಟೆ ನೆಲದಿಂದ ಏಳಲಾಗಲಿಲ್ಲ. ಚಲಿಸುವವರ ಎದುರು ಸಾಕ್ಷಿಯೊಬ್ಬರು ಕುಳಿತಿರಬೇಕೆಂಬ ನಿಯಮ, ಮೇರಿ ವೈಟ್‌ಹೌಸ್ 1950ರ ದಶಕದಲ್ಲಿ ಆರಂಭಿಸಿ ಜಾನೆಟ್ ಆಡ್ಲರ್ ಮುಂದುವರಿಸಿದ ‘ಅಥೆಂಟಿಕ್ ಮೂವ್‌ಮೆಂಟ್’ ಎಂಬ ಚಲನೆಯ ಪದ್ಧತಿಯ ಮೊದಲ ಪಾಠ. ಕ್ಯಾಮೆರಾವೇ ಸಾಕ್ಷಿ ಎಂದು ನಾನು ಜಾಣತನ ತೋರಿದ್ದೆ. ಕ್ಯಾಮೆರಾ ದಾಖಲೆ ಇಡುತ್ತದೆ, ಕಂಬಳಿ ಹೊದೆಸುವುದಿಲ್ಲ. ಅಂದಿನಿಂದ ಕೋಣೆಯಲ್ಲಿ ಒಬ್ಬರು ಇರದೆ ನಾನು ಈ ಕೆಲಸ ಮಾಡಿಲ್ಲ. ಆರಂಭಕ್ಕೂ ಅಂತ್ಯಕ್ಕೂ ಗಂಟೆಯ ಸದ್ದು, ಕಣ್ಣು ತೆರೆದ ಮೇಲೆ ಐದು ನಿಮಿಷ ಅಂಗಾಲುಗಳನ್ನು ನೆಲಕ್ಕೆ ಒತ್ತಿ ನಡೆಯುವುದು, ಇವೆರಡನ್ನೂ ಬಿಟ್ಟಿಲ್ಲ. ಆಘಾತ ಇನ್ನೂ ಹೊಸದಾಗಿರುವವರನ್ನು ಅವರ ವೈದ್ಯರ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವುದೂ ಇಲ್ಲ.

ಇತರರೊಡನೆ ಆರಂಭಿಸಿದಾಗ ಇನ್ನೂ ದೊಡ್ಡ ತಪ್ಪೊಂದು ನಡೆಯಿತು. ತನ್ನ ದೇಹವನ್ನು ಕಂಡರಾಗದ ಒಬ್ಬರು ಅಂದಿನ ಚಿತ್ರಗಳನ್ನು ಅಂದೇ ತೋರಿಸಬೇಕೆಂದು ಒತ್ತಾಯಿಸಿದಾಗ ನನ್ನ ನಿಯಮವನ್ನು ನಾನೇ ಮುರಿದೆ. ಅವರು ಮಾತಾಡದೆ ಹೊರಟುಹೋದರು, ಮತ್ತೆ ಬರಲಿಲ್ಲ. ಈಗ ಮೆಮೊರಿ ಕಾರ್ಡನ್ನು ಲಕೋಟೆಗೆ ಹಾಕಿ ಅಂಟಿಸಿ ಅವರ ಕೈಗೇ ಕೊಡುತ್ತೇನೆ, ನನ್ನಲ್ಲಿ ಪ್ರತಿ ಉಳಿಯುವುದಿಲ್ಲ. ಹತ್ತು ದಿನದ ಮೇಲೆ ಅವರು ಅದನ್ನು ತಂದರೆ ಇಬ್ಬರೂ ಕೂಡಿಯೇ ತೆರೆಯುತ್ತೇವೆ, ತರದಿದ್ದರೆ ಕೇಳುವುದಿಲ್ಲ. ಈವರೆಗೆ ಬಂದ ಹದಿನೆಂಟು ಇಪ್ಪತ್ತು ಜನರಲ್ಲಿ ನಾಲ್ವರು ತರಲಿಲ್ಲ. ಅವರಲ್ಲಿ ಇಬ್ಬರು ಚಿತ್ರಗಳಿಲ್ಲದೆಯೇ ಚಲನೆಯ ಅವಧಿಗಳನ್ನು ಮುಂದುವರಿಸಿದರು.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಚಲನೆಯ ಅವಧಿಗೆ ಶುಲ್ಕ ಪಡೆದು ಮುದ್ರಣವನ್ನೂ ಹಾಳೆಗಳ ಮುಂದೆ ಕೂರುವ ಒಂದೂವರೆ ಗಂಟೆಯನ್ನೂ ಉಚಿತವಾಗಿ ಕೊಟ್ಟದ್ದರಿಂದ, ಐವರ ಮೊದಲ ಗುಂಪಿನಲ್ಲಿ ಬಂದ ಹಣದ ಮೂರನೆಯ ಒಂದು ಭಾಗ ಶಾಯಿಗೂ ಕಾಗದಕ್ಕೂ ಹೋಯಿತು. ನೋಡುವ ಅವಧಿಯೇ ಕೆಲಸದ ಹೆಚ್ಚಿನ ಭಾಗವೆಂದು ಅರಿವಾದ ಮೇಲೆ ಅದಕ್ಕೂ ಪೂರ್ಣ ಶುಲ್ಕ ಪಡೆಯುತ್ತಿದ್ದೇನೆ, ಯಾರೂ ಆಕ್ಷೇಪಿಸಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವಿಡಿಯೊ ತೆಗೆದು ನಾಲ್ಕನೆಯ ಒಂದು ವೇಗದಲ್ಲಿ ನೋಡಿದರೆ ಎಲ್ಲರೂ ಮಹಾನ್ ನರ್ತಕರಂತೆ ಕಾಣುತ್ತಾರೆ, ಅದರಿಂದ ಹೊಸದೇನೂ ತಿಳಿಯುವುದಿಲ್ಲ. ನೆಲಕ್ಕೆ ಹಾಸಿದ ಕಾಗದದ ಮೇಲೆ ಮಲಗಿ ಸಾಕ್ಷಿಯಿಂದ ಇದ್ದಿಲಿನಲ್ಲಿ ಮೈಯ ಅಂಚು ಬರೆಸಿಕೊಂಡು, ಚಿತ್ರದಲ್ಲಿ ಸ್ಪಷ್ಟವಾಗಿ ಬಂದ ಭಾಗಗಳನ್ನು ಅದರ ಮೇಲೆ ಗುರುತಿಸುತ್ತ ಹೋದದ್ದು ಮಾತ್ರ ಫಲ ಕೊಟ್ಟಿತು. ಆ ಹಾಳೆಯಿಂದಲೇ ನನ್ನ ಎಡಪಾದದ ಗುಟ್ಟು ಹೊರಬಿದ್ದದ್ದು: ಕೈ ಕತ್ತಿಗೆ ಹೋದಾಗಲೆಲ್ಲ ಎಡಪಾದ ಒಂದು ಹೆಜ್ಜೆ ಹಿಂದಿಟ್ಟು ಅಲ್ಲಿಯೇ ಊರಿಕೊಂಡಿರುತ್ತಿತ್ತು. ಕತ್ತನ್ನು ಮುಚ್ಚಿಕೊಳ್ಳುವುದಲ್ಲದೆ ಕೋಣೆಯಿಂದಲೇ ಹೊರಡಲು ನಾನು ಸಿದ್ಧನಾಗುತ್ತಿದ್ದೆ. ಧ್ವನಿ ಹೋದ ತಿಂಗಳುಗಳಲ್ಲಿ ಜನರೆದುರಿನಿಂದ ಸರಿದುಹೋಗಲು ಕಲಿತದ್ದನ್ನು, ಧ್ವನಿ ಬಂದು ಎರಡು ವರ್ಷವಾದರೂ ಕಾಲು ಬಿಟ್ಟಿರಲಿಲ್ಲ.

ಕೈಯನ್ನು ಬಲವಂತವಾಗಿ ಇಳಿಸಲು ನಾನು ಯತ್ನಿಸಲಿಲ್ಲ. ನೃತ್ಯ ಚಿಕಿತ್ಸೆಯ ಆದ್ಯರಲ್ಲೊಬ್ಬರಾದ ಮೇರಿಯನ್ ಚೇಸ್ 1942ರಿಂದ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ರೋಗಿಗಳ ಚಲನೆಯನ್ನು ತಿದ್ದದೆ ತನ್ನ ಮೈಯಲ್ಲಿ ಪ್ರತಿಬಿಂಬಿಸಿ ತೋರಿಸುತ್ತಿದ್ದಂತೆ, ಸಾಕ್ಷಿಯಾಗಿ ಕುಳಿತ ಗೆಳತಿ ನನ್ನ ಕೈಯನ್ನೂ ಪಾದವನ್ನೂ ಹಾಗೆಯೇ ತನ್ನ ಮೈಗೆ ತೆಗೆದುಕೊಂಡಳು, ಅಷ್ಟೇ. ಎದುರಿಗೆ ಇನ್ನೊಬ್ಬರು ಕತ್ತು ಹಿಡಿದು ಹಿಂದೆ ಸರಿಯುತ್ತಿರುವುದನ್ನು ಕಂಡಾಗ ಮುಂದೆ ಹೋಗಬೇಕೆನಿಸಿತು, ಹೋದೆ. ನೂರಕ್ಕೆ ಅರವತ್ತಿದ್ದದ್ದು ಸುಮಾರು ಹನ್ನೊಂದು ತಿಂಗಳಲ್ಲಿ ಹತ್ತು ಹನ್ನೆರಡಕ್ಕೆ ಇಳಿಯಿತು. ಈಗ ಕತ್ತು ಉಳಿದ ಮೈಯಂತೆಯೇ ಮಸುಕಾಗಿ ಬರುತ್ತಿದೆ. ಕಳೆದ ಮೂರು ಅವಧಿಗಳಿಂದ ಬಲ ಮೊಣಕಾಲು ಸ್ಪಷ್ಟವಾಗಿ ಉಳಿಯಲಾರಂಭಿಸಿದೆ, ಅವುಗಳ ನಂತರದ ಅವಧಿಯ ಚಿತ್ರಗಳು ಇನ್ನೂ ನಾಲ್ಕು ದಿನ ಲಕೋಟೆಯಲ್ಲೇ ಇರಬೇಕು.